ತಾತನ ಟ್ರಂಕು ಗುಜರಿಗೆ ಹೋಗುವ ಮುನ್ನ

ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಇರುವ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ಈಗ ವಸ್ತುಸಂಗ್ರಹಾಲಯ. ಶಾಲೆಯ ಮಕ್ಕಳು 1955ರ ಭಾರತರತ್ನದ ಮುಂದೆ, ಕೃಷ್ಣರಾಜಸಾಗರದ ಮಾದರಿಯ ಮುಂದೆ ಗುಂಪುಗಟ್ಟುತ್ತಾರೆ. ನನ್ನ ಕಾಲು ನಿಲ್ಲುವುದು ಬೇರೆ ಕಡೆ: ಕನ್ನಡಕ, ಬಟ್ಟಲುಗಳ ಜೊತೆಗೆ ಇಟ್ಟಿರುವ ಒಂದು ಅಚ್ಚಿನ ಮುಂದೆ. ಅವರ ವಿಸಿಟಿಂಗ್ ಕಾರ್ಡು ಮುದ್ರಿಸುತ್ತಿದ್ದ ಅಚ್ಚು ಅದು. ಭಾರತರತ್ನವನ್ನು ಯಾರೂ ಬಿಸಾಡುವುದಿಲ್ಲ. ಕಾರ್ಡಿನ ಅಚ್ಚನ್ನು ಬಿಸಾಡದೆ ಎತ್ತಿಟ್ಟರಲ್ಲ, ಆ ಕೈ ದೊಡ್ಡದು.

ಆ ಹೆಸರಿನ ಮೊದಲಲ್ಲಿರುವ ‘ಎಂ.’ ಅಂದರೆ ಮೋಕ್ಷಗುಂಡಂ. ಆಂಧ್ರದ ಆ ಊರಿನಿಂದ ಅವರ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಈ ಕಡೆ ಬಂದು ನೆಲೆಸಿದರು. ಬಂದ ದಾರಿ, ಬಂದ ಕಾರಣ, ಜೊತೆಗೆ ಬಂದವರು ಯಾವುದೂ ನಮಗೆ ಕಾಣಿಸುವುದಿಲ್ಲ. ವಲಸೆಯ ಇಡೀ ಕಥೆ ಒಂದು ಇನಿಷಿಯಲ್ಲಿನಲ್ಲಿ ಮಡಚಿಕೊಂಡು ಕೂತಿದೆ.

ನಮ್ಮದು ಬಂದು ನೆಲೆನಿಂತವರ ಸೀಮೆ. ಕಂಚಿಯ ಕಡೆಯಿಂದ ಏಳು ಮಂದಿ ಅಣ್ಣತಮ್ಮಂದಿರು ಬಂಡಿ ಹೊಡೆದುಕೊಂಡು ಬಂದು ಆವತಿಯಲ್ಲಿ ಬೀಡುಬಿಟ್ಟರು, ಅವರ ಪೀಳಿಗೆಯ ಪಾಳೆಯಗಾರರೇ ಚಿಕ್ಕಬಳ್ಳಾಪುರದ ಕೋಟೆ ಕಟ್ಟಿದರು ಎನ್ನುವುದು ಐತಿಹ್ಯ. ಬಿ.ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದರಿಂದ ಅದು ನಮ್ಮವರೆಗೂ ಬಂತು. ಪಾಳೆಯಗಾರರಿಗೆ ಬರೆಯುವವರು ಸಿಕ್ಕರು. ಊರಿಗೆ ಮೊದಲು ಬಾವಿ ತೋಡಿಸಿದವರು, ಮೊದಲು ಹಿಪ್ಪುನೇರಳೆ ಕಡ್ಡಿ ನೆಟ್ಟವರು, ಶಿಡ್ಲಘಟ್ಟದ ಬೀದಿಯಲ್ಲಿ ನೂಲು ಬಿಚ್ಚಲು ಮೊದಲ ಚರಕ ಹೂಡಿದವರು, ದ್ರಾಕ್ಷಿ ಚಪ್ಪರ ಹಾಕಿ ಊರವರಿಂದ ನಗಿಸಿಕೊಂಡವರು, ಇವರಿಗೆಲ್ಲ ಯಾರು ಸಿಕ್ಕಾರು? ಮನೆಯವರೇ ಸಿಗಬೇಕು.

ಪಹಣಿ ಲಾಕರಿಗೆ, ಪತ್ರ ತಕ್ಕಡಿಗೆ

ಜಿಲ್ಲೆಯಲ್ಲಿ ಈಗ ಮನೆ ಕೆಡವುವ ಕಾಲ. ಜಮೀನಿಗೆ ಬೆಲೆ ಬಂದಿದೆ, ಜಂತಿ ಮನೆಗಳು ಉರುಳುತ್ತಿವೆ. ಶಿಡ್ಲಘಟ್ಟದ ಕಡೆಯ ನಮ್ಮ ತಾತನ ಮನೆ ಭಾಗವಾದಾಗ ಕ್ರಯಪತ್ರ, ವಿಭಾಗಪತ್ರ, ಪಹಣಿಗಳನ್ನು ದೊಡ್ಡಪ್ಪ ಲೆಕ್ಕ ಹಾಕಿ ಬ್ಯಾಂಕಿನ ಲಾಕರಿಗೆ ಸೇರಿಸಿದರು. ಟ್ರಂಕಿನಲ್ಲಿದ್ದ ಉಳಿದ ಕಾಗದ ಗುಜರಿಯವನ ತಕ್ಕಡಿ ಏರಿತು. ನನ್ನ ಕೈಗೆ ಸಿಕ್ಕಿದ್ದು ಒಂದು ಉದ್ದನೆಯ ಲೆಕ್ಕದ ಪುಸ್ತಕ, ಎಂಟೋ ಹತ್ತೋ ಪತ್ರ. ಅದರಲ್ಲೂ ಒಂದು ಪತ್ರವನ್ನು ‘ಭದ್ರವಾಗಿರಲಿ’ ಎಂದು ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದ ಬುದ್ಧಿವಂತ ನಾನೇ. ಇವತ್ತು ಆ ಹಾಳೆ ಕಂದಿದೆ, ಒಳಗೆ ಗುಳ್ಳೆ ಎದ್ದಿದೆ, ಬಿಚ್ಚಲು ಬರುವುದಿಲ್ಲ. ಮಾಡದೆ ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ಹಾಗಾಗಿ ಮುಂದೆ ಬರೆದಿರುವುದರಲ್ಲಿ ಅರ್ಧ, ನಾನು ಕೆಡಿಸಿ ಕಲಿತ ಪಾಠ.

ಮೊದಲಿಗೆ, ಯಾವುದು ಉಳಿಸತಕ್ಕದ್ದು? ಪತ್ರ, ದಿನಚರಿ, ಭಾವಚಿತ್ರ ಎಂದು ಎಲ್ಲರೂ ಹೇಳುತ್ತಾರೆ. ಅವುಗಳ ಜೊತೆಗೆ ಇವನ್ನೂ ಬಿಡಬೇಡಿ: ಲೆಕ್ಕದ ಪುಸ್ತಕ, ಗೂಡಿನ ಮಾರುಕಟ್ಟೆಯ ಚೀಟಿ, ಸೊಸೈಟಿಯ ಪಾಸ್‌ಬುಕ್, ಕಂದಾಯದ ರಸೀದಿ, ಜಾತಕ, ಲಗ್ನಪತ್ರಿಕೆ, ಶಾಲೆಯ ಅಂಕಪಟ್ಟಿ, ಮದುವೆ ಮುಯ್ಯಿಯ ಪಟ್ಟಿ. ಮುಯ್ಯಿ ಪಟ್ಟಿಯಷ್ಟು ನಿಖರವಾದ ನೆಂಟಸ್ತನದ ನಕ್ಷೆ ಇನ್ನೊಂದಿಲ್ಲ. ಯಾವ ಊರಿನಿಂದ ಯಾರು ಬಂದರು, ಎಷ್ಟು ಹಾಕಿದರು, ಯಾರು ಬರಲಿಲ್ಲ, ಎಲ್ಲವೂ ಅದರಲ್ಲಿರುತ್ತದೆ. ಆಸ್ತಿಯ ಮೂಲಪತ್ರಗಳನ್ನು ಮಾತ್ರ ಬೇರೆ ಇಟ್ಟು, ಅವುಗಳ ನಕಲನ್ನು ಈ ಕಟ್ಟಿಗೆ ಸೇರಿಸಿ. ನ್ಯಾಯಾಲಯಕ್ಕೆ ಬೇಕಾಗುವ ಕಾಗದ, ನೆನಪಿಗೆ ಬೇಕಾಗುವ ಕಾಗದ ಒಂದೇ ಕಡೆ ಇದ್ದರೆ ಜಗಳದ ದಿನ ಎರಡೂ ಹೋಗುತ್ತವೆ.

ಮೊದಲ ದಿನ: ಜೋಡಿಸಬೇಡಿ

ಟ್ರಂಕು ತೆರೆದ ಕೂಡಲೇ ಪತ್ರಗಳನ್ನು ಒಂದು ಕಡೆ, ಚಿತ್ರಗಳನ್ನು ಒಂದು ಕಡೆ ಗುಡ್ಡೆ ಹಾಕುವ ಚಪಲ ಎಲ್ಲರಿಗೂ ಇರುತ್ತದೆ. ತಡೆಯಿರಿ. ತಾತ ಯಾವುದರ ಜೊತೆ ಯಾವುದನ್ನು ಇಟ್ಟಿದ್ದರು ಎಂಬುದೇ ಒಂದು ಮಾಹಿತಿ. ಬಾವಿಯ ಲೆಕ್ಕದ ಹಾಳೆಗಳ ನಡುವೆ ಒಂದು ಸಾಲದ ಚೀಟಿ ಇದ್ದರೆ ಆ ಸಾಲ ಬಾವಿಗಾಗಿ ಮಾಡಿದ್ದಿರಬಹುದು. ಚೀಟಿಯನ್ನು ಎಳೆದು ಬೇರೆ ಕಟ್ಟಿಗೆ ಹಾಕಿದಿರೋ, ಆ ಎಳೆ ಕಡಿಯಿತು. ಪತ್ರಾಗಾರದವರು ಇದನ್ನು ಮೂಲಕ್ರಮ ಎನ್ನುತ್ತಾರೆ. ಅವರು ಅದನ್ನು ಕೆಡಿಸಲು ಬಿಡುವುದಿಲ್ಲ.

ಮೇಲಿನಿಂದ ಕೆಳಗೆ ಇದ್ದ ಹಾಗೇ ಫೋಟೋ ತೆಗೆಯಿರಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ: ಕ್ರಮಸಂಖ್ಯೆ, ಏನು, ಯಾರಿಂದ ಯಾರಿಗೆ, ಯಾವಾಗ, ಎಷ್ಟು ಹಾಳೆ, ಯಾವ ಭಾಷೆ, ಸ್ಥಿತಿ ಹೇಗಿದೆ. ಅದೇ ಸಂಖ್ಯೆಯನ್ನು ಕಾಗದದ ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಿರಿ. ಪೆನ್ನು ಬೇಡ, ಸ್ಟಿಕ್ಕರ್ ಬೇಡ, ಸೀಲು ಬೇಡ.

ಆಮೇಲೆ ಲೋಹ ಕೀಳುವ ಕೆಲಸ. ಗುಂಡುಸೂಜಿ, ಸ್ಟೇಪಲ್, ಕ್ಲಿಪ್ಪು ತುಕ್ಕು ಹಿಡಿದು ಕಾಗದವನ್ನು ತಿಂದಿರುತ್ತವೆ. ಎಳೆಯದೆ, ಕೆಳಗೊಂದು ತೆಳು ರಟ್ಟು ಕೊಟ್ಟು ಕಾಲುಗಳನ್ನು ಬಿಡಿಸಿ ತೆಗೆಯಿರಿ. ರಬ್ಬರ್ ಬ್ಯಾಂಡು ಕರಗಿ ಅಂಟಿಕೊಳ್ಳುತ್ತದೆ. ಅದರ ಬದಲು ಹತ್ತಿಯ ಲಾಡಿ ಕಟ್ಟಿ. ಧೂಳನ್ನು ಮೆತ್ತನೆಯ ಕುಂಚದಿಂದ ನಡುವಿನಿಂದ ಅಂಚಿಗೆ ಸರಿಸಿ. ಒದ್ದೆ ಬಟ್ಟೆ ತಾಗಿಸಬೇಡಿ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಲೇಬೇಡಿ. ಟೇಪಿನ ಪ್ಲಾಸ್ಟಿಕ್ಕು ಉದುರಿದ ಮೇಲೂ ಅದರ ಹಳದಿ ಗೋಂದು ಕಾಗದದಲ್ಲೇ ಉಳಿಯುತ್ತದೆ.

ಹುಳುಮನೆಯೂ ಬೇಡ, ದೇವರಮನೆಯೂ ಬೇಡ

ನಮ್ಮದು ಬರದ ಜಿಲ್ಲೆ, ತೇವದ ಭಯವಿಲ್ಲ ಎಂದುಕೊಂಡಿದ್ದೆವು. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಹರಿದವು, ಹಳೆಯ ಮಣ್ಣಿನ ಗೋಡೆಗಳು ನೀರು ಕುಡಿದವು. ನೆನೆದ ಕಾಗದಕ್ಕೆ ಎರಡು ದಿನದಲ್ಲಿ ಬೂಸಲು ಹಿಡಿಯುತ್ತದೆ. ಆ ಎರಡು ದಿನದೊಳಗೆ ನೆರಳಿನಲ್ಲಿ, ಫ್ಯಾನ್ ಗಾಳಿಯಲ್ಲಿ, ಒಂದೊಂದಾಗಿ ಹರಡಬೇಕು. ಬಿಸಿಲಿಗೆ ಹಾಕಿದರೆ ಶಾಯಿ ಕಂದುತ್ತದೆ, ಹಾಳೆ ಸೊಟ್ಟಗಾಗುತ್ತದೆ.

ರೇಷ್ಮೆಯ ಮನೆಗಳಲ್ಲಿ ಹರಡಲು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಿಂತ ಒಳ್ಳೆಯ ಸಲಕರಣೆ ಇಲ್ಲ ಅನ್ನಿಸುತ್ತದೆ. ಗಾಳಿ ಕೆಳಗಿನಿಂದಲೂ ಆಡುತ್ತದಲ್ಲ! ಆದರೆ ಹುಳು ಬಿಟ್ಟ ಚಂದ್ರಿಕೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ತಾಗಿರುತ್ತದೆ. ಹೊಸದೊಂದಿದ್ದರೆ ಮೇಲೆ ಬಿಳಿ ಬಟ್ಟೆ ಹಾಸಿ ಬಳಸಿ, ಹಳೆಯದು ಬೇಡ. ಇದೇ ಕಾರಣಕ್ಕೆ ಹುಳುಮನೆಯಲ್ಲಿ ಟ್ರಂಕು ಇಡಬೇಡಿ. ಎಳೆಯ ಹುಳುವಿಗೆ ಬೇಕಾದ ಶೇಕಡ ಎಂಬತ್ತರ ಮೇಲಿನ ತೇವಾಂಶವೂ ಕಾಗದಕ್ಕೆ ಕೇಡು. ಕಾಗದಕ್ಕೆ ಹಿತ ಐವತ್ತರ ಆಚೀಚೆ, ಹೆಚ್ಚು ಏರದೆ ಇಳಿಯದೆ ಇದ್ದರೆ ಸಾಕು.

ಅಟ್ಟದಲ್ಲಿ ಹೆಂಚಿನ ಕಾವು, ಅಡುಗೆಮನೆಯಲ್ಲಿ ಎಣ್ಣೆಯ ಹೊಗೆ, ದೇವರಮನೆಯಲ್ಲಿ ದೀಪದ ಮಸಿ ಮತ್ತು ಕುಂಕುಮ. ತಾತನ ಕಾಗದಕ್ಕೆ ಅರಿಶಿನ-ಕುಂಕುಮ ಹಚ್ಚಿ ಪೂಜೆ ಮಾಡುವ ಮನೆಗಳನ್ನು ನೋಡಿದ್ದೇನೆ. ಭಕ್ತಿ ದೊಡ್ಡದು, ಆದರೆ ಕಲೆ ಹೋಗುವುದಿಲ್ಲ. ನಡುಮನೆಯ ಒಳಗೋಡೆಗೆ ಸೇರಿದ, ನೆಲದಿಂದ ಅರ್ಧ ಅಡಿ ಮೇಲೆತ್ತಿದ, ಗೋಡೆಗೆ ತಾಗದ ಕಬ್ಬಿಣದ ಬೀರುವೇ ಸರಿಯಾದ ಜಾಗ. ಮೇಲಿನ ಅರೆಯೂ ಬೇಡ, ಕೆಳಗಿನ ಅರೆಯೂ ಬೇಡ, ನಡುವಿನದಿರಲಿ.

ಕಾಗದ ಸುತ್ತಲು, ಒಗೆದು ಗಂಜಿ ಬಿಡಿಸಿದ ಕೋರಾ ಬಟ್ಟೆ ಸಾಕು. ಆಮ್ಲವಿಲ್ಲದ ಕಾಗದದ ಲಕೋಟೆ ಬೆಂಗಳೂರಿನಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಅಂಗಡಿಯ ಸಾದಾ ಪ್ಲಾಸ್ಟಿಕ್ ಫೈಲು ಸೆಕೆಗೆ ಬೆವರಿ ಅಕ್ಷರವನ್ನು ಎತ್ತಿಕೊಳ್ಳುತ್ತದೆ. ನುಸಿಗುಳಿಗೆಯ ವಾಸನೆ ಮನುಷ್ಯರಿಗೂ ಒಳ್ಳೆಯದಲ್ಲ, ಫೋಟೋಗೂ ಒಳ್ಳೆಯದಲ್ಲ. ಹಿರಿಯರು ಇಡುತ್ತಿದ್ದ ಒಣಬೇವಿನ ಎಲೆ, ಬಜೆಬೇರನ್ನು ಚಿಕ್ಕ ಬಟ್ಟೆಗಂಟಿನಲ್ಲಿ ಕಟ್ಟಿ ಅರೆಯ ಮೂಲೆಗೆ ಇಡಿ, ಹಾಳೆಗೆ ತಾಗದಿರಲಿ. ಇವೆಲ್ಲಕ್ಕಿಂತ ದೊಡ್ಡ ಔಷಧ ಆರು ತಿಂಗಳಿಗೊಮ್ಮೆ ತೆರೆದು ನೋಡುವುದು. ಗೆದ್ದಲು ಬರುವುದು ಯಾರೂ ಮುಟ್ಟದ ಜಾಗಕ್ಕೆ.

ಓಲೆಗರಿಯೋ ಕಪ್ಪು ಬಟ್ಟೆಯ ಕಡತವೋ ಸಿಕ್ಕರೆ ನೀವೇ ಬಿಡಿಸಲು ಹೋಗಬೇಡಿ, ಎಣ್ಣೆ ಹಚ್ಚಬೇಡಿ. ಎರಡು ಮರದ ಪಟ್ಟಿಗಳ ನಡುವೆ ಸಡಿಲವಾಗಿ ಕಟ್ಟಿ, ತಿಳಿದವರಿಗೆ ತೋರಿಸಿ.

ಬಹುಧಾನ್ಯ ಎಂದರೆ ಯಾವ ವರ್ಷ?

ನನಗೆ ಸಿಕ್ಕ ಲೆಕ್ಕದ ಪುಸ್ತಕದ ಒಂದು ಪುಟದ ತಲೆಯ ಮೇಲೆ ‘ಬಹುಧಾನ್ಯ ಸಂ॥ ವೈಶಾಖ’ ಎಂದಿದೆ. ಕೆಳಗೆ ‘ಬಾವಿ ಕೂಲಿ 3-8-0’, ಅದರ ಕೆಳಗೆ ‘ಎಲೆಯಡಿಕೆ 0-0-6’. ಓದಲು ಬಂದರೂ ಅರ್ಥವಾಗಲಿಲ್ಲ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಬಹುಧಾನ್ಯ ಬಂದದ್ದು 1878ರಲ್ಲಿ, 1938ರಲ್ಲಿ, 1998ರಲ್ಲಿ. ಮೂರರಲ್ಲಿ ಯಾವುದು? 3-8-0 ಎಂದರೆ ಮೂರು ರೂಪಾಯಿ ಎಂಟಾಣೆ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂದ ಮೇಲೆ ಈ ಬರವಣಿಗೆ ಕ್ರಮೇಣ ನಿಂತುಹೋಯಿತು, ಆದ್ದರಿಂದ 1998 ಅಲ್ಲ. 1878ರಲ್ಲಿ ತಾತ ಹುಟ್ಟಿಯೇ ಇರಲಿಲ್ಲ. ಉಳಿದದ್ದು 1938. ಬಾವಿ ಕೂಲಿಗಿಂತ ಸ್ವಲ್ಪವೇ ಮುಂಚೆ, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹದ ಮೇಲೆ ಗುಂಡು ಹಾರಿತ್ತು.

ಆ ದಿನ ಸತ್ತವರು ಎಷ್ಟು ಎಂದು ಕೇಳಿದರೆ ಇಂದಿಗೂ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಸುತ್ತಲ ಹಳ್ಳಿಗಳ ಯಾವುದೋ ಟ್ರಂಕಿನಲ್ಲಿ ಒಂದು ಪತ್ರ, ಒಂದು ದಿನಚರಿಯ ಪುಟ ಇದ್ದರೂ ಅದಕ್ಕೆ ಬೆಲೆ ಕಟ್ಟಲಾಗದು. ವಿಶ್ವೇಶ್ವರಯ್ಯನವರಂಥ ಕಟ್ಟುನಿಟ್ಟಿನ ಮನುಷ್ಯರ ಹುಟ್ಟಿದ ವರ್ಷವೂ ಒಂದು ಕಡೆ 1860, ಇನ್ನೊಂದು ಕಡೆ 1861. ಶತಮಾನೋತ್ಸವದ ಅಂಚೆಚೀಟಿ ಬಂದದ್ದು 1960ರ ಸೆಪ್ಟೆಂಬರ್ 15ಕ್ಕೆ. ದೊಡ್ಡವರ ವಿಷಯವೇ ಹೀಗಿದ್ದರೆ ನಮ್ಮ ತಾತಂದಿರ ಪಾಡೇನು?

ಓದುವಾಗ ನೆನಪಿಡಬೇಕಾದ ಇನ್ನಷ್ಟು:

• ಶಾಲಿವಾಹನ ಶಕಕ್ಕೆ 78 ಸೇರಿಸಿದರೆ ಇಸವಿ. ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79.

• ಹದಿನಾರಾಣೆಗೆ ಒಂದು ರೂಪಾಯಿ, ಹನ್ನೆರಡು ಪೈಗೆ ಒಂದಾಣೆ. ತಾತನ ಎಲೆಯಡಿಕೆ ಖರ್ಚು ಅರ್ಧ ಆಣೆ.

• ಹಳೆಯ ಕಾಗದದಲ್ಲಿ ‘ಕೋಲಾರ ಜಿಲ್ಲೆ, ಮೈಸೂರು ಸಂಸ್ಥಾನ’ ಎಂದಿರುತ್ತದೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಸರ್ಕಾರಿ ಕಡತ ಹುಡುಕುವವರು ಕೋಲಾರದ ಹೆಸರಿನಲ್ಲೂ ಹುಡುಕಬೇಕು.

• ನಮ್ಮ ಮನೆಗಳಲ್ಲಿ ಮಾತು ತೆಲುಗು, ಬರಹ ಕನ್ನಡ. ಶಿಡ್ಲಘಟ್ಟದ ರೀಲರುಗಳ ಮನೆಯ ಕಾಗದ ಉರ್ದುವಿನಲ್ಲಿರಬಹುದು. ಹಳೆಯ ಲೆಕ್ಕ ಮೋಡಿ ಬರಹದಲ್ಲಿರಬಹುದು. ಓದಲು ಬಾರದ್ದೆಲ್ಲ ಕಸ ಎಂದು ತೀರ್ಮಾನಿಸಬೇಡಿ. ಹೆಚ್ಚಾಗಿ ಅದೇ ಹಳೆಯದು.

ಚಿತ್ರ ತೋರಿಸಿ, ಪ್ರಶ್ನೆ ಕೇಳಬೇಡಿ

ಕಾಗದ ಕಾಯಬಲ್ಲದು, ಅದರ ಕಥೆ ಬಲ್ಲವರು ಕಾಯುವುದಿಲ್ಲ. ಹಾಗಾಗಿ ಪಟ್ಟಿ ಮುಗಿಯಲಿ ಎಂದು ಕಾಯದೆ ಸೋದರತ್ತೆಯ ಮನೆಗೆ ಹೊರಡಿ. ಫೋನಿನ ರೆಕಾರ್ಡರ್ ಒತ್ತಿ, ಮೊದಲು ಇವತ್ತಿನ ತಾರೀಕು, ಊರು, ಕೂತಿರುವವರ ಹೆಸರು ನೀವೇ ಹೇಳಿ. ‘ತಾತನ ಬಗ್ಗೆ ಹೇಳಿ’ ಎಂದರೆ ‘ದೇವರಂಥವರು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಒಂದು ಫೋಟೋ ಕೈಗೆ ಕೊಟ್ಟು ಸುಮ್ಮನಿರಿ. ನಮ್ಮತ್ತೆ ಮದುವೆಯ ಒಂದು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, ಮದುಮಗನ ವಿಷಯ ಬಿಟ್ಟು, ಹಿಂದೆ ಕಾಣುವ ಗಾಡಿಯ ಎತ್ತನ್ನು ಚಿಂತಾಮಣಿ ಸಂತೆಯಲ್ಲಿ ಕೊಂಡದ್ದರಿಂದ ಶುರುಮಾಡಿದರು. ಎತ್ತಿನಿಂದ ಸಾಲ, ಸಾಲದಿಂದ ಬಾವಿ, ಬಾವಿಯಿಂದ ಮುನಿಸು. ಮೂರು ಗಂಟೆ ನಡೆಯಿತು.

ಚಿತ್ರದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ, ಕೂತವರು-ನಿಂತವರು ಎಂದು ವಿಂಗಡಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ‘ದೊಡ್ಡಮ್ಮ’ ಎಂದು ಬರೆದರೆ ಸಾಲದು. ನಿಮಗೆ ದೊಡ್ಡಮ್ಮನಾದವರು ಮೊಮ್ಮಗಳಿಗೆ ಯಾರೋ. ಅವರದೇ ಹೆಸರಿರಲಿ. ಹೆಂಗಸರ ತವರಿನ ಹೆಸರು, ಊರು ತಪ್ಪದೆ ಕೇಳಿ. ಆಸ್ತಿಪತ್ರಗಳಲ್ಲಿ ಅವರು ಹೆಚ್ಚಾಗಿ ಇರುವುದೇ ಇಲ್ಲ.

ಬದುಕಿರುವ ಹಿರಿಯರೇ ಬರೆದರೆ ಅದಕ್ಕಿಂತ ಭಾಗ್ಯವಿಲ್ಲ. ವಿಶ್ವೇಶ್ವರಯ್ಯ ತಮ್ಮ ವೃತ್ತಿಜೀವನದ ನೆನಪುಗಳನ್ನು ಪುಸ್ತಕವಾಗಿ ಕೊಟ್ಟದ್ದು 1951ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಆದರೂ ‘ಹೋರಾಟದ ಹಾದಿ’ ಎಂಬ ಆತ್ಮಕಥೆಯಿಂದಾಗಿ ಹೊಸೂರಿನ ಬಡ ಬಾಲ್ಯ ನಮಗೆ ಸಿಕ್ಕಿತು. ನಿಮ್ಮ ತಂದೆಗೆ ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು ನೋಡಿ. ಇಪ್ಪತ್ತು ಪುಟ ಬರೆದರೂ ಲಾಭವೇ.

ಫೋನಿನಲ್ಲಿ ನಕಲು, ಬೀರುವಿನಲ್ಲಿ ಅಸಲು

ನಕಲು ಮಾಡಲು ದೊಡ್ಡ ಯಂತ್ರ ಬೇಕಿಲ್ಲ. ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಜಗುಲಿ, ಕೆಳಗೆ ಕಪ್ಪು ಬಟ್ಟೆ, ಪಕ್ಕದಲ್ಲಿ ಅಳತೆಪಟ್ಟಿ, ಫೋನು ಹಾಳೆಗೆ ಸಮಾನಾಂತರ. ಫ್ಲ್ಯಾಶ್ ಬೇಡ. ಖಾಲಿ ಎನಿಸಿದರೂ ಹಿಂಬದಿಯನ್ನೂ ತೆಗೆಯಿರಿ, ಪತ್ರದ ಲಕೋಟೆಯನ್ನೂ ತೆಗೆಯಿರಿ. ಪತ್ರದಲ್ಲಿ ತಾರೀಕಿಲ್ಲದಿದ್ದರೂ ಅಂಚೆಮುದ್ರೆಯಲ್ಲಿರುತ್ತದೆ. ಸ್ಕ್ಯಾನರ್ ಇದ್ದರೆ ಬರಹಕ್ಕೆ 300 ಡಿಪಿಐ, ಚಿಕ್ಕ ಫೋಟೋಗೆ 600. ಪುಸ್ತಕವನ್ನು ಮಗುಚಿ ಗಾಜಿಗೆ ಒತ್ತಬೇಡಿ, ಬೆನ್ನು ಮುರಿಯುತ್ತದೆ.

ಫೈಲಿಗೆ ಪಟ್ಟಿಯ ಕ್ರಮಸಂಖ್ಯೆಯನ್ನೇ ಹೆಸರಿಡಿ. ಪ್ರತಿಗಳು ಮೂರಿರಲಿ: ಒಂದು ಮನೆಯ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ನೆಂಟರ ಬಳಿ. ವಾಟ್ಸ್ಆಪಿನಲ್ಲಿ ಕಳಿಸಿದ್ದನ್ನು ಪ್ರತಿ ಎಂದು ಲೆಕ್ಕ ಹಿಡಿಯಬೇಡಿ, ಅದು ಚಿತ್ರವನ್ನು ಕುಗ್ಗಿಸಿರುತ್ತದೆ. ಮತ್ತು ನಕಲಾಯಿತೆಂದು ಅಸಲನ್ನು ಎಸೆಯಬೇಡಿ. ಪೆನ್ಸಿಲ್ಲಿನ ಒತ್ತು, ಹಾಳೆಯ ನೀರುಗುರುತು, ತಿದ್ದಿದ ಅಕ್ಷರದ ಅಡಿಯ ಅಕ್ಷರ ಇವು ಪರದೆಯ ಮೇಲೆ ಬರುವುದಿಲ್ಲ.

ಯಾರಿಗೆ ಸೇರಿದ್ದು, ಯಾರಿಗೆ ಕೊಡಬಹುದು

ಕಾಗದಕ್ಕೂ ಪಾಲು ಕೇಳುವವರಿರುತ್ತಾರೆ. ಆಲ್ಬಮ್ಮನ್ನು ನಾಲ್ಕು ಭಾಗ ಮಾಡಿ ಹಂಚಿಕೊಂಡರೆ ಯಾರ ಬಳಿಯೂ ಆಲ್ಬಮ್ ಇರುವುದಿಲ್ಲ. ಅಸಲು ಒಂದೇ ಕಡೆ, ಪಟ್ಟಿ ಮತ್ತು ನಕಲು ಎಲ್ಲರಿಗೆ ಎಂದು ಮೊದಲೇ ಬರೆದು ಸಹಿ ಹಾಕಿಕೊಳ್ಳಿ. ಮನೆಯ ಮಾನದ ಪ್ರಶ್ನೆ ಎನಿಸುವ ಪತ್ರ ಸಿಕ್ಕರೆ ಸುಡಬೇಡಿ. ಲಕೋಟೆಗೆ ಹಾಕಿ ‘ಇಂಥ ವರ್ಷದವರೆಗೆ ತೆರೆಯತಕ್ಕದ್ದಲ್ಲ’ ಎಂದು ಬರೆಯಿರಿ.

ಕಾನೂನಿನ ಎರಡು ಮಾತು. ತಾತನಿಗೆ ಬಂದ ಪತ್ರದ ಹಾಳೆ ನಿಮ್ಮದಿರಬಹುದು, ಅದರಲ್ಲಿರುವ ಬರಹದ ಹಕ್ಕು ಬರೆದವರದು, ಅವರ ನಂತರ ಅವರ ವಾರಸುದಾರರದು. ಪುಸ್ತಕದಲ್ಲಿ ಅಚ್ಚು ಹಾಕಿಸುವ ಮುನ್ನ ಕೇಳಿ. ಇನ್ನೊಂದು, ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯವಿರುವ, 75 ವರ್ಷ ದಾಟಿದ ಹಸ್ತಪ್ರತಿ ಮತ್ತು ದಾಖಲೆ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂಥದ್ದನ್ನು ಅಮೆರಿಕದ ಮಗನ ಸೂಟ್‌ಕೇಸಿನಲ್ಲಿ ಕಳಿಸುವಂತಿಲ್ಲ. ನಕಲು ಕಳಿಸಿ.

ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದಾದರೆ ಸಂಸ್ಥೆಗಳಿವೆ. ಮೈಸೂರು ಸಂಸ್ಥಾನದ ಕಡತಗಳನ್ನು ಕಾಯುತ್ತಿರುವ ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆ, ದೆಹಲಿಯ ರಾಷ್ಟ್ರೀಯ ಪತ್ರಾಗಾರ ಎರಡೂ ಖಾಸಗಿ ಕಾಗದಪತ್ರಗಳನ್ನು ದಾನವಾಗಿ ಪಡೆಯುತ್ತವೆ. ಓಲೆಗರಿ, ಕಡತಗಳಿಗೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. ವಿಜ್ಞಾನಿಗಳ ಮನೆಯವರಿಗೆ ಬೆಂಗಳೂರಿನ ಎನ್‌ಸಿಬಿಎಸ್ ಪತ್ರಾಗಾರವಿದೆ. ಟ್ರಂಕು ಹೊತ್ತುಕೊಂಡು ಹೋಗಬೇಡಿ. ಮೊದಲು ಪಟ್ಟಿಯನ್ನು ಕಳಿಸಿ, ಅವರು ನೋಡಿ ಬೇಕೋ ಬೇಡವೋ ಹೇಳುತ್ತಾರೆ. ಕೊಡುವಾಗ ದಾನಪತ್ರ ಬರೆಸಿಕೊಳ್ಳಿ: ಏನೇನು ಕೊಟ್ಟಿರಿ, ಯಾರು ನೋಡಬಹುದು, ನಿಮಗೆ ನಕಲು ಸಿಗುವುದೇ, ಮುಂದೊಂದು ದಿನ ಬೇಡವಾದರೆ ವಾಪಸು ಕೊಡುವರೇ.

ದಾನಪತ್ರ ಏಕೆ ಬೇಕು ಎನ್ನುವುದಕ್ಕೆ ಮೈಸೂರಿನದೇ ಒಂದು ಪಾಠವಿದೆ. ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಂದು ಓಲೆಗರಿ ಕಟ್ಟು ಕೊಟ್ಟರು. ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು ಬಿಡಿಸಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅದು ಅಚ್ಚಾಯಿತು, ಶಾಸ್ತ್ರಿಗಳ ಹೆಸರು ಲೋಕವೆಲ್ಲ ಹರಡಿತು. ಕಟ್ಟನ್ನು ಕಾಪಾಡಿ ತಂದುಕೊಟ್ಟವರು ಮಾತ್ರ ಇಂದಿಗೂ ‘ತಂಜಾವೂರಿನ ಒಬ್ಬ ಪಂಡಿತರು’.

ಆದ್ದರಿಂದ ನಿಮ್ಮ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಈ ಕಾಗದ ಯಾರದು, ಯಾರ ಕೈಯಿಂದ ಯಾರ ಕೈಗೆ ಬಂತು, ಪಟ್ಟಿ ಮಾಡಿದವರು ಯಾರು ಎಂದು ಬರೆಯಿರಿ. ನಿಮ್ಮ ಪೂರ್ತಿ ಹೆಸರಿರಲಿ. ಇನಿಷಿಯಲ್ಲನ್ನು ಬಿಡಿಸಿ ಬರೆಯಿರಿ.